‘ಸಾಕು’ ಎಂದರೆ ನಿಲ್ಲದ ಯಂತ್ರ

“ಇಪ್ಪತ್ತಾರು ಕಂತುಗಳ ಮಾತು, ಗುರುಗಳೇ. ಯಂತ್ರದ ಕೈಗೆ ಆಯುಧ ಕೊಟ್ಟರೆ ಟೀವಿಯವರು ಇಪ್ಪತ್ತಾರನ್ನೂ ಕೊಳ್ಳುತ್ತಾರೆ. ಕೊಡದಿದ್ದರೆ ಒಂದೂ ಬೇಡವಂತೆ. ಕೊಡಲೋ, ಬೇಡವೋ?”

ಕೇಳಿದವನು ಇಂದುಧರ. ಮಕ್ಕಳು ಟೀವಿಯಲ್ಲಿ ನೋಡುವ ಕಾರ್ಟೂನುಗಳಿಗೆ ಕತೆ ಬರೆಯುವುದು ಅವನ ಕಸುಬು. ಅವನ ಹೊಸ ಕತೆಯಲ್ಲಿ ಆಕಾಶದಲ್ಲಿ ಹಾರುವ ವೀರನೊಬ್ಬನಿದ್ದ. ವೀರನ ಜೊತೆಗೆ ಮುಲಾಮು ಎಂಬ ಯಂತ್ರವೊಂದಿತ್ತು. ವೀರ ಹೊಡೆದಾಡಿ ಬಂದರೆ ಮುಲಾಮು ಗಾಯ ತೊಳೆದು ಪಟ್ಟಿ ಕಟ್ಟುತ್ತಿತ್ತು. ಏಟು ತಿಂದು ಬಿದ್ದ ಖಳನಿಗೂ ಕಟ್ಟುತ್ತಿತ್ತು. ಕೊಳ್ಳುವವರಿಗೆ ಅದೇ ಹಿಡಿಸಿರಲಿಲ್ಲ. ಪಟ್ಟಿ ಕಟ್ಟುವುದನ್ನು ಯಾವ ಮಗು ನೋಡುತ್ತದೆ, ಅದರ ಮುಂಗೈಯಲ್ಲಿ ಒಂದು ಫಿರಂಗಿ ಇಡಿ ಎಂದಿದ್ದರು. ಇಂದುಧರನ ಜೊತೆ ಚಿತ್ರ ಬಿಡಿಸುವವರು ಒಂಬತ್ತು ಮಂದಿ ಇದ್ದರು. ಅವರೆಲ್ಲ ಇವನ ಉತ್ತರಕ್ಕೆ ಕಾಯುತ್ತಿದ್ದರು.

ಗುರುಗಳು ಎಂದಿನಂತೆ ಬಂದವನ ಮುಂದೆ ಬೆಲ್ಲದ ಚೂರು, ನೀರಿನ ತಂಬಿಗೆ ಇಟ್ಟರು.

“ಮೊದಲು ಬಾಯಿಗೆ ಹಾಕಿಕೊ. ಬಿಸಿಲಲ್ಲಿ ಬಂದಿದ್ದೀಯ.”

ಆಮೇಲೆ ಉಸಿರು ಎಳೆದುಕೊಂಡು ಕತೆ ಶುರು ಮಾಡಿದರು. ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವುದು ಅವರ ವಾಡಿಕೆ.

ಒಂದು ಪೇಟೆಯಲ್ಲಿ ಒಬ್ಬ ದವಸದ ವರ್ತಕನಿದ್ದ. ಮಾತು ಕಡಿಮೆ, ತೂಕ ಸರಿ. ಅವನ ಬಾಯಲ್ಲಿ ಹೆಚ್ಚಾಗಿ ಬರುತ್ತಿದ್ದ ಮಾತು ಒಂದೇ, ‘ಸಾಕು’. ಗಿರಾಕಿ ಚೌಕಾಸಿ ಬೆಳೆಸಿದರೆ ‘ಸಾಕು’. ಹೆಂಡತಿ ಕಷ್ಟ ಹೇಳಿಕೊಂಡರೆ ‘ಸಾಕು’. ಮಾತು ಕತ್ತರಿಸಲು ಅದಕ್ಕಿಂತ ಚಿಕ್ಕ ಕತ್ತರಿ ಸಿಗದು ಎಂದು ಅವನು ತಿಳಿದಿದ್ದ.

ಅವನ ಅಂಗಡಿಗೂ ಪಕ್ಕದ ಬೆಲ್ಲದ ವರ್ತಕನ ಅಂಗಡಿಗೂ ನಡುವೆ ಒಂದು ಓಣಿ. ದವಸದವನ ಉಗ್ರಾಣಕ್ಕೆ ಗಾಡಿ ಹೋಗಲು ಅದೊಂದೇ ದಾರಿ. ಆ ವರ್ಷ ಸುಗ್ಗಿಗೆ ಹದಿನೈದು ದಿನ ಇರುವಾಗ ಬೆಲ್ಲದವನು ಗಾಡಿಯವರಿಂದ ಓಣಿಯಲ್ಲಿ ಮೂಟೆ ಇಳಿಸಿಕೊಂಡು ಹಾಗೇ ಬಿಟ್ಟ. ಮೊದಲ ದಿನ ನಾಲ್ಕು, ಮರುದಿನ ಏಳು. ಒಂಬತ್ತನೆಯ ದಿನಕ್ಕೆ ಅಲ್ಲಿ ಬೆಕ್ಕು ನುಸುಳಲೂ ಜಾಗವಿರಲಿಲ್ಲ.

ದವಸದವನು ಎರಡು ಸಲ ಹೇಳಿಕಳಿಸಿದ. “ತೆಗೆಯುತ್ತೇನೆ, ತೆಗೆಯುತ್ತೇನೆ” ಎಂಬ ಉತ್ತರ ಬಂತು, ಮೂಟೆ ಅಲುಗಲಿಲ್ಲ. ತನ್ನ ಹಮಾಲರಿಗೆ ತೆಗೆಯಲು ಹೇಳಿದ. ಒಬ್ಬರ ಮಾಲನ್ನು ಅವರ ಮಾತಿಲ್ಲದೆ ಇನ್ನೊಬ್ಬರು ಮುಟ್ಟುವ ಪದ್ಧತಿ ಆ ಪೇಟೆಯಲ್ಲಿರಲಿಲ್ಲ, ಅವರು ಒಪ್ಪಲಿಲ್ಲ. ಬೆಲ್ಲದವನೋ ಆಳು ಇಟ್ಟವನೇ ಅಲ್ಲ. ನನ್ನ ಮೂಟೆಗೆ ನನ್ನ ಬೆನ್ನಿದೆ ಎಂದು ಜಂಬ ಕೊಚ್ಚುವವನು.

ಗಾಡಿ ಒಳಗೆ ಬರದಿದ್ದರೆ ರೈತರು ಕಾಯುವವರಲ್ಲ, ಮುಂದಿನ ಪೇಟೆಗೆ ತಿರುಗಿಸುತ್ತಾರೆ. ಒಂದು ಸುಗ್ಗಿಯಲ್ಲಿ ಕೈಬಿಟ್ಟ ಗಿರಾಕಿ ಮತ್ತೆ ಬರುವುದಿಲ್ಲ. ಅಪ್ಪ ಹಾಕಿದ ಅಂಗಡಿ ತನ್ನ ಕೈಯಲ್ಲಿ ಮುಚ್ಚಿಹೋಗುತ್ತದೆ. ಇದು ಬೇಕೆಂದೇ ಮಾಡಿದ್ದು ಎಂದು ದವಸದವನು ತೀರ್ಮಾನಿಸಿದ.

ಅದೇ ದಿನ, ಮುಚ್ಚಿಹೋದ ಒಂದು ನರ್ಸಿಂಗ್ ಹೋಮಿನ ಸಾಮಾನು ಹರಾಜಿಗೆ ಬಂದಿತ್ತು. ಮಂಚ, ಬೀರು, ಕೊನೆಯಲ್ಲಿ ಒಂದು ಯಂತ್ರ. ಆಳೆತ್ತರ, ದುಂಡು ಮೈ, ಮೆತ್ತನೆಯ ಕೈ. ರೋಗಿಗಳನ್ನು ಎತ್ತಿ ಮಲಗಿಸಿ ನೋಡಿಕೊಳ್ಳಲು ಮಾಡಿದ್ದು.

“ಯಜಮಾನರೇ, ಮುಚ್ಚಿಡುವುದಿಲ್ಲ,” ಎಂದ ಹರಾಜಿನವನು. “ಇದಕ್ಕೊಂದು ದೋಷವಿದೆ. ‘ಸಾಕು’ ಎಂದರೆ ನಿಲ್ಲಿಸುವುದಿಲ್ಲ. ಇನ್ನೂ ಹೆಚ್ಚು ಮಾಡುತ್ತದೆ.”

ದವಸದವನ ಕಿವಿ ನೆಟ್ಟಗಾಯಿತು. ರೋಗಿಯನ್ನು ಎತ್ತುವ ಕೈ ಬೆಲ್ಲದವನನ್ನು ಎತ್ತಲಾರದೆ? ಸಾಕೆಂದು ಕೂಗಿದರೂ ಬಿಡದ ಕೈ ಜಗಳಕ್ಕೆ ಹೇಳಿ ಮಾಡಿಸಿದ್ದು. ದೋಷದ ನೆಪದಲ್ಲಿ ಬೆಲೆ ಇಳಿಸಿ, ದೋಷಕ್ಕಾಗಿಯೇ ಅದನ್ನು ಕೊಂಡ.

ಮನೆಯಲ್ಲಿ ಊಟಕ್ಕೆ ಕೂತಾಗ ಯಂತ್ರ ಬಡಿಸಲು ನಿಂತಿತು. ‘ಸಾಕು’ ಎಂದ, ಅನ್ನ ಬಿತ್ತು. “ಸಾಕು ಅಂದೆನಲ್ಲ!” ಎಂದು ಗದರಿದ, ಸಾರು ಬಿತ್ತು, ಅದರ ಮೇಲೆ ತುಪ್ಪ ಬಿತ್ತು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ಇಪ್ಪತ್ತು ವರ್ಷದಿಂದ ನಿಮ್ಮ ಆ ಮಾತಿಗೆ ಜಗ್ಗದವರು ಈ ಮನೆಗೆ ಬಂದಿರಲಿಲ್ಲ. ಇರಲಿ ಬಿಡಿ, ಇಲ್ಲೇ ಇರಲಿ.”

“ಇದು ಮನೆಗೆ ತಂದದ್ದಲ್ಲ,” ಎಂದ ದವಸದವನು.

ಇಂದುಧರ ಮಧ್ಯೆ ಬಾಯಿ ಹಾಕಿದ. “ಗುರುಗಳೇ, ನಾನು ಕೇಳಿದ್ದು ಆಯುಧದ ವಿಷಯ.”

“ಬಾಯಲ್ಲಿರುವ ಬೆಲ್ಲ ಕರಗಲಿ,” ಎಂದು ಗುರುಗಳು ಮುಂದುವರಿಸಿದರು.

ಮರುದಿನ ದವಸದವನು ಯಂತ್ರವನ್ನು ಓಣಿಗೆ ಕರೆದೊಯ್ದ. ಬೆಲ್ಲದವನು ಒಂದು ಮೂಟೆಯ ಮೇಲೆ ಕೂತು ಜೀರಿಗೆ ಕಷಾಯ ಕುಡಿಯುತ್ತಿದ್ದ. ಹೊಟ್ಟೆಯ ವಾಯು ಎದೆಗೇರಿದೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ.

“ಏನಯ್ಯಾ, ನಿನ್ನ ಬಾಯಿ ಸಾಲದೆಂದು ಬೊಂಬೆ ಕರೆತಂದೆಯಾ?”

“ಕೊನೆಯ ಸಲ ಕೇಳುತ್ತೇನೆ. ಮೂಟೆ ತೆಗೆಯುತ್ತೀಯೋ ಇಲ್ಲವೋ?”

“ತೆಗೆಯುತ್ತೇನೆ ಎಂದೆನಲ್ಲ. ಅಷ್ಟು ಅವಸರವಿದ್ದರೆ ಹಾರಿಕೊಂಡು ಹೋಗು.”

ದವಸದವನು ಯಂತ್ರದ ಕಡೆ ತಿರುಗಿದ. “ಇವನನ್ನು ಎತ್ತಿ ಆಚೆ ಎಸೆ.”

ಯಂತ್ರಕ್ಕೆ ಎತ್ತುವುದು ಗೊತ್ತಿತ್ತು. ಎಸೆಯುವುದನ್ನು ಯಾರೂ ಕಲಿಸಿರಲಿಲ್ಲ. ಒಂದು ಕೈಯನ್ನು ಮೊಣಕಾಲಿನ ಅಡಿಗೆ, ಇನ್ನೊಂದನ್ನು ಕತ್ತಿನ ಅಡಿಗೆ ಕೊಟ್ಟು ಬೆಲ್ಲದವನನ್ನು ಎದೆಗೆ ತಂದುಕೊಂಡಿತು. ಬೆಲ್ಲದವನು ಹೆದರಿ ಕೂಗಿದ.

“ಸಾಕು! ಸಾಕು ಮಾರಾಯ, ಸಾಕು!”

ಯಂತ್ರ ಆ ಮಾತನ್ನು ಕೇಳಿಸಿಕೊಂಡಿತು. ಅವನ ಬೆನ್ನಿನ ಮೇಲೆ ಅಂಗೈ ಹರಡಿತು. “ಆಗಲಿ,” ಎಂದಿತು. “ಇವರ ಎದೆಬಡಿತ ತಪ್ಪುತ್ತಿದೆ.” ಅಷ್ಟು ಹೇಳಿ ಆಸ್ಪತ್ರೆಯ ದಿಕ್ಕಿಗೆ ಹೊರಟಿತು.

ದವಸದವನು ಪಂಚೆ ಎತ್ತಿಕಟ್ಟಿ ಹಿಂದೆ ಓಡಿದ. “ಎಲ್ಲಿಗೆ? ಇಳಿಸು! ಸಾಕು!” ಅವನು ‘ಸಾಕು’ ಎಂದಷ್ಟೂ ಅದು ಬಿರುಸಾಗಿ ನಡೆಯಿತು. ಬಟ್ಟೆ ಅಂಗಡಿಯವನು ಗದ್ದುಗೆಯಿಂದಲೇ ಕೂಗಿದ: “ಏನು ಸ್ವಾಮಿ, ಬೆಲ್ಲದವರನ್ನು ಮದುಮಗಳ ಹಾಗೆ ಹೊರಿಸಿಕೊಂಡು ಹೊರಟಿರಿ? ದಿಬ್ಬಣಕ್ಕೆ ನಮ್ಮನ್ನು ಕರೆಯಲೇ ಇಲ್ಲ!”

ಒಂದು ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದರು.

“ಕರೆತಂದದ್ದು ನೀವೇ? ಇನ್ನು ಅರ್ಧ ಗಂಟೆ ತಡವಾಗಿದ್ದರೆ ನನ್ನಿಂದ ಏನೂ ಆಗುತ್ತಿರಲಿಲ್ಲ. ಇದು ಇಂದಿನ ಕಾಯಿಲೆಯಲ್ಲ. ಹತ್ತು ದಿನದಿಂದ ಇವರಿಗೆ ಒಂದು ಕೊಡ ನೀರು ಎತ್ತುವ ತ್ರಾಣವೂ ಇರಲಾರದು.”

ಹತ್ತು ದಿನ. ದವಸದವನು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದ. ಓಣಿಯಲ್ಲಿ ಮೊದಲ ಮೂಟೆ ಬಿದ್ದ ದಿನಕ್ಕೆ ಬಂದು ನಿಂತ. ತಾನು ಜಗಳ ಎಂದುಕೊಂಡದ್ದು ಜಗಳವಾಗಿರಲಿಲ್ಲ. ಇಳಿಸಿಕೊಂಡ ಮೂಟೆಯನ್ನು ಒಳಗೆ ಹೊರಲು ಬೆಲ್ಲದವನಿಗೆ ಆಗಿರಲಿಲ್ಲ. ಆಗುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಲೂ ಆಗಿರಲಿಲ್ಲ.

ಅವನು ಬೆಂಚಿನ ಮೇಲೆ ಕೂತ. ಯಂತ್ರ ಒಂದು ಲೋಟ ನೀರು ತಂದು ಹಿಡಿಯಿತು. ಕುಡಿದ. ಇನ್ನೊಂದು ಲೋಟ ತಂದಿತು. ಅದನ್ನೂ ಕುಡಿದ.

ಓಣಿಗೆ ಮರಳಿದ ಮೇಲೆ ಯಂತ್ರ ಅಪ್ಪಣೆಗೆ ಕಾಯಲಿಲ್ಲ. ‘ಸಾಕು’ ಎಂದವನ ಹೊಣೆ ಅದರದ್ದಾಗಿತ್ತು. ಅವನ ಮೂಟೆಯೂ ಆ ಹೊಣೆಯಲ್ಲೇ ಸೇರಿತ್ತು. ಬೆಲ್ಲದವನ ಹೆಂಡತಿ ಅಂಗಡಿಯ ಬಾಗಿಲು ತೆಗೆದುಕೊಟ್ಟಳು. ಯಂತ್ರ ಒಂದೊಂದೇ ಮೂಟೆಯನ್ನು ಎತ್ತಿ, ಕೂಸನ್ನು ಮಲಗಿಸಿದ ಹಾಗೆ ಒಳಗೆ ಜೋಡಿಸಿತು. ದವಸದವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ ತಾನೂ ಒಂದು ತುದಿಗೆ ಕೈ ಹಾಕಿದ.

ಐದನೆಯ ದಿನ ಸುಗ್ಗಿಯ ಮೊದಲ ಗಾಡಿ ಓಣಿಯೊಳಗೆ ಬಂತು.

ಆ ವಾರವೇ ರಿಪೇರಿಯವನೊಬ್ಬ ಬಂದು ಯಂತ್ರದ ಬೆನ್ನು ಬಿಚ್ಚಿ ನೋಡಿದ. ಒಳಗಿದ್ದ ಹಳೆಯ ದಾಖಲೆ ಓದಿ ನಕ್ಕ.

“ನರ್ಸಿಂಗ್ ಹೋಮಿಗೆ ಬರುವ ಮುಂಚೆ ಇದಕ್ಕೆ ಮಾತು ಕಲಿಸಿದ್ದು ಒಂದು ಅನಾಥಾಲಯದ ಅಜ್ಜಿ, ಯಜಮಾನರೇ. ಬಂದ ಕೂಸನ್ನೆಲ್ಲ ಇದರ ಕೈಗೆ ಕೊಟ್ಟು ‘ಸಾಕು’ ಎನ್ನುತ್ತಿದ್ದಳು. ಸಾಕಿ ಬೆಳೆಸು ಎಂಬ ಅರ್ಥದಲ್ಲಿ. ಇದು ಅಷ್ಟನ್ನೇ ಕಲಿತಿದೆ. ಆ ಮಾತಿಗೆ ನಿಲ್ಲಿಸು ಎಂಬ ಇನ್ನೊಂದು ಅರ್ಥವೂ ಇದೆ ಎಂದು ಇದಕ್ಕೆ ಗೊತ್ತೇ ಇಲ್ಲ. ಅರ್ಧ ಗಂಟೆಯ ಕೆಲಸ. ಸರಿ ಮಾಡಿಬಿಡಲೇ?”

“ಬೇಡ,” ಎಂದ ದವಸದವನು. “ನಾನು ಇದನ್ನು ಕೊಂಡದ್ದೇ ಆ ದೋಷಕ್ಕಾಗಿ.”

ತಿಂಗಳು ಕಳೆದ ಮೇಲೆ ಬೆಲ್ಲದವನು ನಿಧಾನವಾಗಿ ನಡೆದುಕೊಂಡು ಬಂದ. ಕೈಯಲ್ಲಿ ಒಂದು ಅಚ್ಚು ಬೆಲ್ಲವಿತ್ತು. ಅದನ್ನು ಯಂತ್ರದ ಅಂಗೈಯಲ್ಲಿಟ್ಟು ಕೈ ಮುಗಿದ. ಆಮೇಲೆ ದವಸದವನಿಗೂ ಮುಗಿದ. ದವಸದವನು ಸುಮ್ಮನಿದ್ದಿದ್ದರೆ ಪುಣ್ಯವೆಲ್ಲ ಅವನ ಪಾಲಿಗೇ ಬರುತ್ತಿತ್ತು.

“ನೋಡಯ್ಯಾ, ತೂಕದಲ್ಲಿ ಮೋಸ ಮಾಡಿ ನನಗೆ ಅಭ್ಯಾಸವಿಲ್ಲ,” ಎಂದ. “ನಾನು ಅದನ್ನು ತಂದದ್ದು ನಿನ್ನನ್ನು ಎತ್ತಿ ಎಸೆಯಲು.”

“ಕೇಳಿಸಿತ್ತು. ಕೆಟ್ಟಿದ್ದು ನನ್ನ ಎದೆ, ಕಿವಿಯಲ್ಲ.”

“ಮತ್ತೆ ನನಗೇಕೆ ಕೈ ಮುಗಿದೆ?”

“ನೀನು ದುಡ್ಡು ಬಿಚ್ಚಿ ಇಬ್ಬರು ಪೈಲ್ವಾನರನ್ನು ಕರೆತಂದಿದ್ದರೆ ನಾನು ಇವತ್ತು ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಪಟ. ನಿನ್ನ ಜಿಪುಣತನಕ್ಕೂ ಒಂದು ನಮಸ್ಕಾರ ಇರಲಿ.”

ಗುರುಗಳು ಕತೆ ನಿಲ್ಲಿಸಿ ಅಂಗವಸ್ತ್ರದಿಂದ ಮುಖ ಒರೆಸಿಕೊಂಡರು. ಇಂದುಧರ ಒಂದೊಂದೇ ಬೆರಳು ಮಡಚಿದ.

“ದವಸದವನಿಗೆ ಓಣಿ ದಕ್ಕಿತು. ಸುಗ್ಗಿ ದಕ್ಕಿತು. ಅಪ್ಪನ ಅಂಗಡಿ ಉಳಿಯಿತು. ಅವನ ಲೆಕ್ಕ ಗೊತ್ತಾಯಿತು, ಗುರುಗಳೇ. ಬೆಲ್ಲದವನಿಗೆ ದಕ್ಕಿದ್ದೇನು?”

ಗುರುಗಳು ಎದೆಯ ಮೇಲೆ ಕೈಯಿಟ್ಟು ಒಂದು ಉಸಿರು ಎಳೆದುಕೊಂಡರು.

“ದಕ್ಕಿದ್ದು ಇವತ್ತಿಗೆ ಹದಿನಾಲ್ಕು ವರ್ಷ, ಇಂದುಧರ, ಅದರಲ್ಲಿ ಆರು ವರ್ಷ ನಿನಗೆ ಪಾಠ ಹೇಳಿದ್ದೇನೆ.”