ಗೌಡರಿಗೆ ಒಪ್ಪುವ ಬೇಟೆ ನಾಯಿ

"ಹೊಲದಾಗ ಮೊಲ ಹಿಡೀಬೇಕು, ಮನ್ಯಾಗ ಬೆಕ್ಕಿನಂಗ ಮಲಗಬೇಕು. ಅಂಥಾ ತಳಿ ತರದಿದ್ರ ನಿನ್ನ ಕೆಲಸ ಹೋತು!" ಎಂದು ರಾಯನಗೌಡರು ಆಳು ದುರಗಪ್ಪನ ಮೇಲೆ ಒದರಿದರು. ಅವನು ತಂದಿದ್ದ ಮುಧೋಳ ನಾಯಿ ದಡಕ್ಕನೆ ಎದ್ದು ಪಡಸಾಲೆಯ ತುಂಬ ಹಾರಾಡಿ ಹಾಲಿನ ಗಡಿಗೆ ಉರುಳಿಸಿತು.

"ನೋಡಲೇ!"

"ತಳಿ ಚಲೋ ಐತ್ರಿ, ಗೌಡ್ರ. ಒದರಿದ್ರ ಬೇಟಿ ಶುರು ಅಂತ ಹೊಲದಾಗ ನೀವ ಕಲಿಸೀರಿ. ಮನ್ಯಾಗೂ ಒದರ್ತೀರಿ. ಪಾಪ, ಅದು ಮೊಲ ಹುಡುಕತೈತ್ರಿ."

ಅಡುಗೆಮನೆಯಲ್ಲಿ ಗೌಡತಿ ಕಿಸಕ್ಕನೆ ನಕ್ಕಳು. ಪುಟ್ಟ ಮಗಳು ನಗಲಿಲ್ಲ, ಕಂಬದ ಹಿಂದೆ ಅಡಗಿ ನಿಂತಿದ್ದಳು.

"ನಾಯಿಗೆ ಅಂಜಿದೇನವ್ವಾ?" ಎಂದರು ಗೌಡರು.

"ನಾಯಿಗಲ್ಲಪ್ಪಾ, ನಿನಗ."

ನಾಚಿಕೆಯಿಂದ ಗೌಡರಿಗೆ ದುರಗಪ್ಪನ ಮುಖ ನೋಡಲಾಗಲಿಲ್ಲ. "ಬಾರವ್ವಾ" ಎಂದು ಮಗಳನ್ನು ಮೆಲ್ಲಗೆ ಕರೆದರು.

ಅವಳು ಬರುವ ಮೊದಲೇ ನಾಯಿ ಬಂದು ಅವರ ಕಾಲ ಬಳಿ ಮಲಗಿತು.