ವಿಶಾಖಾಳ ಬಟ್ಟಲು

ಭೀಮಾ ನದಿಯ ದಂಡೆಯ ಮೇಲೆ ಒಂದು ಸಣ್ಣ ಬೌದ್ಧ ವಿಹಾರ. ಪುಷ್ಯ ಮಾಸದ ಬೆಳಗಿನಲ್ಲಿ ಅಲ್ಲಿ ನದಿ ಕಾಣುವುದಿಲ್ಲ, ಕೇಳಿಸುತ್ತದೆ ಅಷ್ಟೆ. ಮಂಜಿನೊಳಗಿಂದ ಅಂಬಿಗ ಕೂಗುತ್ತಾನೆ. ದೋಣಿ ಎಲ್ಲಿದೆಯೋ, ಅಂಬಿಗ ಎಲ್ಲಿದ್ದಾನೋ, ಕೂಗು ಮಾತ್ರ ಬಂದು ಮುಟ್ಟುತ್ತದೆ.

ವಿಶಾಖಾ ಅಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ಪಟ್ಟಣದಲ್ಲಿ ಮಿದುಳಿನ ಸ್ಕ್ಯಾನ್ ನೋಡುವ ಡಾಕ್ಟರು. ಸಾವಿರಾರು ಮಿದುಳು ನೋಡಿದ್ದೇನೆ, ಯಾವುದರಲ್ಲೂ 'ನಾನು' ಅನ್ನುವವನು ಕೂತಿದ್ದು ಕಾಣಲಿಲ್ಲ ಎಂದು ಬಂದ ದಿನವೇ ಹೇಳಿದ್ದಳು. ಬುದ್ಧನೂ ಅದನ್ನೇ ಹೇಳಿದನಲ್ಲ ಎಂದು ಹಿಗ್ಗಿದ್ದಳು.

ಅಲ್ಲಿನ ವೃದ್ಧ ಭಿಕ್ಷು ರೇವತ ಭಂತೇಜಿ "ಹೌದೇನು" ಎಂದು ಅವಳ ಕೈಗೆ ಕಸಬರಿಗೆ ಕೊಟ್ಟಿದ್ದರು.

ಅವಳಿಗೊಬ್ಬ ಅಕ್ಕ, ಚಂದ್ರಬಾಯಿ. ತಾಯಿ ಸತ್ತ ಮೇಲೆ ತಂಗಿಯ ತಲೆಗೆ ಎಳ್ಳೆಣ್ಣೆ ಹಚ್ಚಿ, ಜಡೆ ಹಾಕಿ, ಶಾಲೆಗೆ ಕಳಿಸಿ ದೊಡ್ಡವಳನ್ನಾಗಿ ಮಾಡಿದವಳು. ಹೋದ ವರ್ಷ ಮಿದುಳು ಜ್ವರ ಬಂತು. ಜೀವ ಉಳಿಯಿತು, ತಂಗಿಯ ಗುರುತು ಉಳಿಯಲಿಲ್ಲ. ಈಗ ಆಚೆ ದಂಡೆಯ ಊರಿನ ಆರೈಕೆ ಮನೆಯಲ್ಲಿದ್ದಾಳೆ. ವಿಶಾಖಾ ಇಲ್ಲಿಗೆ ಬಂದಾಗಿನಿಂದ ಒಮ್ಮೆಯೂ ಆ ಕಡೆ ಹೋಗಿಲ್ಲ.

ಆ ಬೆಳಿಗ್ಗೆ ಅಂಬಿಗ ಆರೈಕೆ ಮನೆಯಿಂದ ಒಂದು ಚೀಟಿ ತಂದ. ನಾಲ್ಕು ದಿನದಿಂದ ಚಂದ್ರಬಾಯಿ ಊಟ ಮುಟ್ಟುತ್ತಿಲ್ಲ, ಒಮ್ಮೆ ಬಂದು ಹೋಗಿ ಎಂದು ಅದರಲ್ಲಿತ್ತು. ಕಾಯುತ್ತೇನೆ ಎಂದು ಹೇಳಿ ಅಂಬಿಗ ದೋಣಿಗೆ ಮರಳಿದ.

ವಿಶಾಖಾ ಚೀಟಿ ಮಡಚಿದಳು. "ಅಲ್ಲಿ ಅಕ್ಕ ಇಲ್ರಿ ಭಂತೇಜಿ. ಅಕ್ಕ ಅನ್ನೋದು ಒಂದು ಜೋಡಣೆ ಇತ್ತು, ಬಿಚ್ಚಿಹೋಯ್ತು. ಯಾರನ್ನ ನೋಡಾಕ ಹೋಗ್ಲಿ?"

ಭಂತೇಜಿ ಎದ್ದು ಬಟ್ಟಲು ತರಲು ಹೋದರು. ಊಟದ ಹೊತ್ತಾಗಿತ್ತು.

ವಿಹಾರದಲ್ಲಿ ಮಣ್ಣಿನ ಬಟ್ಟಲು. ಯಾವುದೂ ಯಾರಿಗೂ ಸ್ವಂತವಲ್ಲ. ಒಬ್ಬರು ಉಂಡದ್ದನ್ನು ಇನ್ನೊಬ್ಬರು ತೊಳೆದು ಒಂದೇ ರಾಶಿಗೆ ಹಾಕಬೇಕು, ಕೈಗೆ ಸಿಕ್ಕಿದ್ದರಲ್ಲಿ ಉಣ್ಣಬೇಕು. ನಾನೇ ಇಲ್ಲ ಎಂದು ಸಾರಿದ ನಮ್ಮ ಡಾಕ್ಟರಮ್ಮ ಮಾತ್ರ ಒಂದು ಬಟ್ಟಲನ್ನು ದಿನಾ ರಾಶಿಯ ಅಡಿಗೆ ಬಚ್ಚಿಡುತ್ತಿದ್ದಳು. ಅದರ ತಳದಲ್ಲಿ ಕುಂಬಾರನ ಹೆಬ್ಬೆರಳು ಒತ್ತಿದ ಗುರುತಿತ್ತು.

ಭಂತೇಜಿ ಆ ಬಟ್ಟಲನ್ನೂ ಇನ್ನೊಂದನ್ನೂ ಹಿಡಿದು ಬಂದರು. ಯಾವುದು ಬೇಕು ಎಂದರು. ಅವಳು ನಾಚಿಕೊಂಡೇ ತನ್ನದನ್ನು ತೋರಿಸಿದಳು. ಅವರು ಎರಡನ್ನೂ ಮೈಮೇಲೆ ಹೊದ್ದ ಚೀವರದ ಸೆರಗಿನಲ್ಲಿ ನಿಧಾನವಾಗಿ ಒರೆಸಿ, ಒಂದನ್ನು ಅವಳ ಕೈಗಿಟ್ಟರು.

"ಇದೇ ಯಾಕವ್ವಾ?"

ಇದರ ಅಂಚು ನುಣುಪು, ತುಟಿಗೆ ಚುಚ್ಚುವುದಿಲ್ಲ ಎಂದಳು. ಹಗುರ, ಬಿಸಿ ಬೇಗ ಆರುವುದಿಲ್ಲ ಎಂದಳು. ಕೈಯಲ್ಲಿ ಕೂತರೆ ಕೈಗಿಂತ ಬೇರೆಯದು ಅನ್ನಿಸುವುದೇ ಇಲ್ಲವಂತೆ. ಭಂತೇಜಿ ತಲೆದೂಗುತ್ತ ಎಲ್ಲ ಕೇಳಿದರು.

ಆಮೇಲೆ ತಮ್ಮ ಕೈಯಲ್ಲಿ ಉಳಿದದ್ದನ್ನು ಬೋರಲು ಮಾಡಿ ತೋರಿಸಿದರು. ಹೆಬ್ಬೆರಳಿನ ಗುರುತು ಅದರಲ್ಲಿತ್ತು.

ವಿಶಾಖಾ ತನ್ನ ಕೈಯಲ್ಲಿದ್ದ ಬೇರೆ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಗು ತಡೆಯಲಾಗಲಿಲ್ಲ. "ಇದು ನಮ್ಮ ಡಾಕ್ಟರ್ ಮಂದಿಗೆ ಗೊತ್ತಿದ್ದದ್ದೇರಿ. ಆರಿಸಿದ್ದು ಒಂದು, ಸಿಕ್ಕಿದ್ದು ಒಂದು. ಮಿದುಳು ಸಿಕ್ಕಿದ್ದಕ್ಕೇ ಕಾರಣ ಕಟ್ಟತದ. ಹೇಳೋರಿಗೂ ಅದು ಖರೇನೇ ಅನಸ್ತದ."

"ಹಂಗೇನು," ಎಂದರು ಭಂತೇಜಿ. "ಅಕ್ಕನ ಕಡೆ ಯಾಕ ಹೋಗವಲ್ಲಿ?"

"ಯಾಕಂದ್ರ, ಅಲ್ಲಿ ಅಕ್ಕ..."

ಬಟ್ಟಲಿನ ಗುಣ ಹೇಳಿದ ದನಿಯಲ್ಲೇ ಇದನ್ನೂ ಹೇಳಹೊರಟಿದ್ದು ಅವಳ ಕಿವಿಗೇ ಬಿತ್ತು.

ಮಂಜು ಅಂಗಳದ ತನಕ ಬಂದಿತ್ತು. ಬೇವಿನ ಮರ ಅರ್ಧ ಕರಗಿತ್ತು. ತಲೆಯಲ್ಲಿ ಎಲ್ಲಿಂದಲೋ ಎಳ್ಳೆಣ್ಣೆಯ ವಾಸನೆ, ಜಡೆ ಬಿಗಿಯುವ ಬೆರಳುಗಳು. ಅವು ಯಾರ ಬೆರಳು, ಅದು ಯಾರ ತಲೆ, ಒಂದು ಗಳಿಗೆ ತಿಳಿಯಲಿಲ್ಲ. ಅವಳಿಗೆ ಅಳು ಬಂತು, ಸುಮ್ಮನೆ ಅತ್ತಳು.

"ನನಗ ಅಂಜಿಕಿರಿ," ಎಂದಳು ಕೊನೆಗೆ. "ಅಕ್ಕ ನನ್ನ ಮುಖ ನೋಡಿ, ನೀ ಯಾರವ್ವಾ ಅಂತಾಳ. ಆವಾಗ ನಾ ಯಾರಂತ ನನಗೂ ಗೊತ್ತಾಗಂಗಿಲ್ಲ."

ನದಿಯ ಕಡೆಯಿಂದ ಅಂಬಿಗ ಕೂಗಿದ.

ಭಂತೇಜಿ ಹೆಬ್ಬೆರಳ ಗುರುತಿನ ಬಟ್ಟಲಿಗೆ ಬಿಸಿ ಗಂಜಿ ಹಾಕಿದರು. ಮೇಲೆ ಎಲೆ ಮುಚ್ಚಿ, ಬಟ್ಟೆ ಕಟ್ಟಿ, ಅವಳ ಎರಡೂ ಕೈಯಲ್ಲಿಟ್ಟರು.

"ಅಲ್ಲಿ ಅಕಿ ಇಲ್ಲ, ಇಲ್ಲಿ ನೀನೂ ಇಲ್ಲ. ಮತ್ತ ಹೋಗೋದನ್ನ ತಡಿಯಾಕತ್ತಿದ್ದು ಯಾರವ್ವಾ?"