ತುರುಬು ನುಂಗಿದ ಕಿಂಡಿ

ವನಮಾಲೆ ಹೊಳೆದಂಡೆಯ ಗುಡಿಸಲಿಗೆ ಬಂದಾಗ ಕೋಪ ನೆತ್ತಿಗೇರಿತ್ತು. ಚಪ್ಪಲಿ ಒಂದು ಕಡೆ ಹೋಯಿತು, ಚೀಲ ಇನ್ನೊಂದು ಕಡೆ.

ಒಳಗೆ ಹುಚ್ಚೀರಪ್ಪ ಮೇಷ್ಟ್ರು ಲೆನ್ಸ್ ಒರೆಸುತ್ತಿದ್ದರು. ರೀಲಿನ ಕ್ಯಾಮೆರಾ ಕಲಿಯಬೇಕು ಅಂದವರೆಲ್ಲ ಅವರ ಕಾಲಿಗೇ ಬೀಳಬೇಕಿತ್ತು.

"ನಿಮ್ಮ ಈ ದರಿದ್ರ ಕಿಂಡಿ ನನ್ನ ಮಾನ ಕಳೀತು ಮೇಷ್ಟ್ರೇ!"

ಕ್ಯಾಮೆರಾದ ತಲೆಯ ಮೇಲೆ ಸಿಕ್ಕಿಸಿ ಕಣ್ಣಿಟ್ಟು ನೋಡುವ ಪುಟ್ಟ ವ್ಯೂಫೈಂಡರನ್ನು ಕಿತ್ತು ಅವರ ಮುಂದೆ ಕುಕ್ಕಿದಳು. ಜೊತೆಗೊಂದು ಫೋಟೋ.

ಫೋಟೋದಲ್ಲಿ ದುರುಗವ್ವ ನಗುತ್ತಿದ್ದಳು. ಹುಬ್ಬಿನವರೆಗೆ ಮಾತ್ರ. ಹುಬ್ಬಿನ ಮೇಲೆ ಏನೂ ಇರಲಿಲ್ಲ.

ದುರುಗವ್ವ ಹೊಳೆಯಾಚೆಯ ಹೆಂಗಸು. ಸಾಯಲು ಬಿದ್ದಿದ್ದ ಮಗಳು ಎದ್ದು ಕೂತರೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದಳು. ಮಗಳು ಎದ್ದು ಕೂತಳು. ಮದುವೆಯಾದಾಗಿನಿಂದ ಕತ್ತರಿ ಕಾಣದ ಕೂದಲು ಅದು. ಕೊಡುವ ಮೊದಲು ತುರುಬು ಕಟ್ಟಿ, ಮಲ್ಲಿಗೆ ಸುತ್ತಿ, ಒಂದು ಫೋಟೋ ತೆಗೆದುಕೊಡು ಅಂತ ವನಮಾಲೆಯನ್ನು ಕೇಳಿದ್ದಳು. ತೆಗೆಸಿಕೊಂಡಳು, ಹೋಗಿ ಬೋಳಿಸಿಕೊಂಡು ಬಂದಳು. ಈಗ ತಲೆಯ ಮೇಲೂ ತುರುಬಿಲ್ಲ, ಫೋಟೋದಲ್ಲೂ ಇಲ್ಲ.

"ಅವಳು ಬೈದಿದ್ರೆ ತಡ್ಕೊಳ್ತಿದ್ದೆ. ಬೋಳುತಲೆಗೆ ಸೆರಗು ಎಳ್ಕೊಂಡು ಗೊಳೋ ಅಂತ ಅತ್ತಳು. ಕಿಂಡಿಯಲ್ಲಿ ತುರುಬು ಪೂರ್ತಿ ಕಾಣ್ತಿತ್ತು ಮೇಷ್ಟ್ರೇ, ನನ್ನಾಣೆ!"

"ಕಾಣದೆ ಏನು? ಕಿಂಡಿ ಕೂತಿರೋದು ಮೇಲೆ, ಲೆನ್ಸ್ ಇರೋದು ಕೆಳಗೆ. ಹತ್ತಿರ ಹೋದಷ್ಟೂ ಮೇಲಿನವನಿಗೆ ಕಂಡದ್ದು ಕೆಳಗಿನವನಿಗೆ ಕಾಣಲ್ಲ. ಹೇಳಿರಲಿಲ್ವಾ?"

"ಹೇಳಿದ್ರಿ. ಬೇರೆ ಕಿಂಡಿ ಕೊಡಿ. ಒಳ್ಳೇದು."

ಮೇಷ್ಟ್ರು ಕಿಂಡಿಗಳ ಪೆಟ್ಟಿಗೆ ತಂದು ಸುರಿದರು. ಒಂದು ಬರೀ ತಂತಿಯ ಚೌಕ. ಒಂದರ ಗಾಜಿನೊಳಗೆ ಬೆಳ್ಳಗೆ ಹೊಳೆಯುವ ಗೆರೆ. ಇನ್ನೊಂದಕ್ಕೆ ಎದುರಿನವರು ಎಷ್ಟು ದೂರವೋ ಅಷ್ಟಕ್ಕೆ ತಿರುಗಿಸುವ ಸಣ್ಣ ಚಕ್ರ. ಹತ್ತಿರಕ್ಕೆ ತಿರುಗಿಸಿದರೆ ಕಿಂಡಿ ತಾನೇ ಕೆಳಗೆ ಬಾಗುತ್ತಿತ್ತು.

ವನಮಾಲೆ ಚಕ್ರದ್ದನ್ನು ಗಬಕ್ಕನೆ ಹಿಡಿದಳು. "ಇದನ್ನ ಮೊದಲೇ ಕೊಡೋಕೆ ನಿಮಗೇನು ಧಾಡಿ?"

ಮೇಷ್ಟ್ರ ಮುಖ ಕೆಂಪಾಯಿತು. ಅದನ್ನು ಅವಳ ಕೈಯಿಂದ ಕಸಿದು ಕ್ಯಾಮೆರಾಕ್ಕೆ ಸಿಕ್ಕಿಸಿದರು.

"ಹೋಗಿ ಆ ಬಾಗಿಲ ಕಲ್ಲಿನ ಮೇಲೆ ಕೂರು."

ಕೂತಳು. ಮೇಷ್ಟ್ರು ಚಕ್ರ ಮುಟ್ಟಲೇ ಇಲ್ಲ. ಕ್ಯಾಮೆರಾ ಹಿಡಿದು ಅವಳ ಮೈಮೇಲೇ ಬಂದರು.

"ಮೇಷ್ಟ್ರೇ, ಚಕ್ರ ತಿರುಗಿಸಿಲ್ಲ ನೀವು."

"ಸುಮ್ನೆ ಕೂರು."

"ಇಷ್ಟು ಹತ್ತಿರ ಬಂದ್ರೆ ನನ್ನ ತಲೆ ಹಾರಿಹೋಗುತ್ತೆ ಅಂತೀನಿ!"

"ನನಗೆ ಕಾಣ್ತಿದೆ. ಬಾಯಿ ಮುಚ್ಚು!"

ಕ್ಲಿಕ್ ಅಂತು.

ವನಮಾಲೆ ದಡಬಡ ಎದ್ದಳು. ಮೈಯೆಲ್ಲ ಉರಿಯುತ್ತಿತ್ತು. "ಎದುರಿಗೆ ಕೂತವಳು ಬಾಯಿ ಬಡ್ಕೊಳ್ತಾ ಇದ್ರೂ ಕೇಳಿಸಲ್ವಾ ನಿಮಗೆ? ಏನು ಮನುಷ್ಯರು ನೀವು!"

"ದುರುಗವ್ವ ಏನಂದಳು?"

"ಯಾವಾಗ?"

"ನೀನು ಕ್ಲಿಕ್ ಮಾಡೋ ಮುಂಚೆ."

ವನಮಾಲೆ ಮುಖವನ್ನು ಹೊಳೆಯ ಕಡೆ ತಿರುಗಿಸಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ.

"ಹೇಳು!" ಮೇಷ್ಟ್ರು ಗದರಿದರು.

"'ಇಷ್ಟು ಹತ್ರ ಬಂದೀಯಲ್ಲವ್ವಾ, ತುರುಬು ಬರ್ತದಾ?' ಅಂದಳು."

"ನೀನೇನಂದೆ?"

"ನನಗೆ ಕಾಣ್ತಿದೆ, ಸುಮ್ನೆ ಕೂರು ಅಂದೆ."

"ಒಂದೇ ಸಲ ಕೇಳಿದಳಾ?"

"ಇಲ್ಲ. ಮತ್ತೆ ಕೇಳಿದಳು." ವನಮಾಲೆ ಹಲ್ಲು ಕಚ್ಚಿದಳು. "ಫೋಟೋ ತೆಗೆಯೋಳು ನೀನೋ ನಾನೋ ಅಂತ ರೇಗಿದೆ. ಆಮೇಲೆ ಅವಳು ಕೇಳಲಿಲ್ಲ. ನಕ್ಕಳು."

ಮೇಷ್ಟ್ರು ಚೆಲ್ಲಿದ್ದ ಕಿಂಡಿಗಳನ್ನು ಒಂದೊಂದಾಗಿ ಎತ್ತಿ ಪೆಟ್ಟಿಗೆಗೆ ಹಾಕತೊಡಗಿದರು.

ಅವಳು ಕಣ್ಣು ಒರೆಸಿಕೊಂಡು, ಆ ಕಣ್ಣೀರಿನ ಮೇಲೂ ಸಿಟ್ಟಾಗಿ ಕೇಳಿದಳು: "ಈಗ ಯಾವುದನ್ನ ತಗೊಳ್ಳಲಿ ಅಂತ ಬಾಯಿ ಬಿಟ್ಟು ಹೇಳಿ ಮೇಷ್ಟ್ರೇ."

"ಕಣ್ಣಿಗೆ ಯಾವುದನ್ನ ಬೇಕಾದ್ರೂ ತಗೊಂಡು ಹೋಗು. ಕಿವಿಗೆ ಬೇಕಾದ್ದು ಈ ಪೆಟ್ಟಿಗೆಯಲ್ಲಿಲ್ಲ. ದುರುಗವ್ವನ ಹತ್ರ ಹೋಗಿ ಕೇಳು."